ಓಪನ್ ಸೋರ್ಸ್ ಆದರೂ ನಿಮ್ಮ ಬಳಕೆಯ ಲೆಕ್ಕ ಹೊರಗೆ ಹೋಗಬಹುದು: ಎಲ್ಲಿ ನೋಡುವುದು, ಹೇಗೆ ನಿಲ್ಲಿಸುವುದು

ಉಡುಪಿಯಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ ಉಂಟು. ನಾಲ್ಕು ಕಂಪ್ಯೂಟರ್, ಎರಡರಲ್ಲಿ ವಿಂಡೋಸ್, ಎರಡರಲ್ಲಿ ಡೆಬಿಯನ್ ಅನ್ನುವ ಲಿನಕ್ಸ್. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಆಧಾರ್ ಜೆರಾಕ್ಸ್, ಹೀಗೆ ಊರವರ ಹೆಸರು, ನಂಬರು ಎಲ್ಲ ನಮ್ಮ ಕೈಯಲ್ಲೇ ಓಡಾಡುತ್ತದೆ. ಕಳೆದ ಮಳೆಗಾಲದಲ್ಲಿ ಬ್ರಾಡ್‌ಬ್ಯಾಂಡ್ ಕೈಕೊಟ್ಟಾಗ ಎರಡು ದಿನ ಮೊಬೈಲ್ ಹಾಟ್‌ಸ್ಪಾಟ್ ಹಾಕಿದ್ದೆವು. ಮಧ್ಯಾಹ್ನಕ್ಕೇ ಡೇಟಾ ಖಾಲಿ. ಯಾರು ತಿಂದರು ಅಂತ ಹುಡುಕಿದರೆ ತಿಂದದ್ದು ಅಪ್‌ಡೇಟ್‌ಗಳೇ, ಆದರೆ ಯಾರೂ ಮುಟ್ಟದೆ ಸುಮ್ನೆ ಕೂತಿದ್ದ ಕಂಪ್ಯೂಟರಿನಿಂದಲೂ ಆಗಾಗ ಡೇಟಾದ ಸಣ್ಣ ಸಣ್ಣ ಪೊಟ್ಟಣ ಹೊರಗೆ ಹೋಗುತ್ತಿದ್ದದ್ದು ಆಗಲೇ ಕಣ್ಣಿಗೆ ಬಿತ್ತು.

ಕೋಡ್ ಎಲ್ಲರಿಗೂ ತೆರೆದಿಟ್ಟ ಓಪನ್ ಸೋರ್ಸ್ ಪ್ರೋಗ್ರಾಂ ಅಲ್ವಾ, ಇದರಲ್ಲಿ ಎಂತ ಕದ್ದು ನೋಡುವುದು ಅಂತ ನಾನೂ ಅಂದುಕೊಂಡಿದ್ದವನೇ. ಲೈಸೆನ್ಸ್ ಕೊಡುವುದು ಕೋಡ್ ನೋಡುವ, ತಿದ್ದುವ, ಹಂಚುವ ಹಕ್ಕು. ನಿಮ್ಮ ಬಳಕೆಯನ್ನು ಎಣಿಸಬಾರದು ಅಂತ ಅದರಲ್ಲಿ ಬರೆದಿರುವುದಿಲ್ಲ ಮಾರಾಯ್ರೆ. ಈ ಎಣಿಕೆಗೆ ಟೆಲಿಮೆಟ್ರಿ ಅನ್ನುತ್ತಾರೆ. ಹೋಟೆಲಿನವರು ದಿನಕ್ಕೆ ಎಷ್ಟು ಪ್ಲೇಟ್ ಗೋಳಿಬಜೆ ಹೋಯಿತು ಅಂತ ಲೆಕ್ಕ ಇಟ್ಟರೆ ನನಗೇನೂ ಬೇಜಾರಿಲ್ಲ, ಆದರೆ ಯಾರು ಯಾರ ಜೊತೆ ಕೂತು ತಿಂದರು ಅಂತ ಬರೆದಿಟ್ಟರೆ ಆ ಹೋಟೆಲಿಗೆ ಮತ್ತೆ ಹೋಗುವುದಿಲ್ಲ. ಹಾಗಾಗಿ ನಿಲ್ಲಿಸುವ ಮೊದಲು ಏನು ಹೋಗುತ್ತಿದೆ ಅಂತ ನೋಡಿ.

ಫೈರ್‌ಫಾಕ್ಸ್‌ನಲ್ಲಿ ಅದು ಸುಲಭ. ಅಡ್ರೆಸ್ ಬರೆಯುವಲ್ಲಿ ಇಂಗ್ಲಿಷಿನಲ್ಲಿ ಅಬೌಟ್, ಕೋಲನ್, ಟೆಲಿಮೆಟ್ರಿ ಅಂತ ಜಾಗ ಬಿಡದೆ ಟೈಪ್ ಮಾಡಿದರೆ ಸಂಗ್ರಹವಾದ ಲೆಕ್ಕ ಕಾಣುತ್ತದೆ. ಬೇಡ ಅನಿಸಿದರೆ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಆಂಡ್ ಸೆಕ್ಯುರಿಟಿಗೆ ಹೋಗಿ, ಡೇಟಾ ಕಲೆಕ್ಷನ್ ಅನ್ನುವ ಭಾಗದ ಟಿಕ್ ತೆಗೆಯಿರಿ. ಹಳೆಯ ಡೇಟಾ 30 ದಿನದೊಳಗೆ ಅಳಿಸುತ್ತೇವೆ ಅಂತ ಅಲ್ಲೇ ಸಂದೇಶ ಬರುತ್ತದೆ. ಇದು ಅದನ್ನು ಮಾಡುವ ಮೊಜಿಲ್ಲಾದಿಂದ ನೇರ ಇಳಿಸಿಕೊಂಡ ಫೈರ್‌ಫಾಕ್ಸ್‌ನ ಮಾತು.

ಪ್ರೋಗ್ರಾಂ ಬರೆಯಲು ಬಳಸುವ ವಿಎಸ್ ಕೋಡ್ ವಿಷಯ ಸ್ವಲ್ಪ ಬೇರೆ. ಅದರ ಮೂಲ ಕೋಡ್ ಎಂಐಟಿ ಅನ್ನುವ ಓಪನ್ ಸೋರ್ಸ್ ಲೈಸೆನ್ಸಿನದ್ದು, ಆದರೆ ನಾವು ಇಳಿಸಿಕೊಳ್ಳುವುದು ಮೈಕ್ರೋಸಾಫ್ಟ್ ತನ್ನದೇ ಲೈಸೆನ್ಸಿನಲ್ಲಿ, ಟೆಲಿಮೆಟ್ರಿ ಸೇರಿಸಿ ಕಟ್ಟಿಕೊಟ್ಟದ್ದು. ಸೆಟ್ಟಿಂಗ್ಸ್‌ನಲ್ಲಿ ಟೆಲಿಮೆಟ್ರಿ ಲೆವೆಲ್ ಅಂತ ಹುಡುಕಿ ಆಫ್ ಮಾಡಿ. ಅಷ್ಟಕ್ಕೇ ನಿಶ್ಚಿಂತೆಯಿಂದ ಇರಬೇಡಿ, ನೀವು ಮೇಲಿಂದ ಸೇರಿಸಿಕೊಂಡ ಎಕ್ಸ್‌ಟೆನ್ಶನ್ ಅನ್ನುವ ಸಣ್ಣ ಪ್ರೋಗ್ರಾಂಗಳು ಈ ಸ್ವಿಚ್ಚಿಗೆ ಬಗ್ಗದೆ ತಮ್ಮದೇ ಲೆಕ್ಕ ಕಳಿಸುತ್ತಿರಬಹುದು, ಒಂದೊಂದನ್ನೂ ತೆರೆದು ನೋಡಬೇಕು. ಇಷ್ಟೆಲ್ಲ ಮಂಡೆಬಿಸಿ ಯಾಕೆ ಅನ್ನುವವರಿಗೆ ವಿಎಸ್‌ಕೋಡಿಯಂ ಉಂಟು. ಅದೇ ಕೋಡ್, ಟೆಲಿಮೆಟ್ರಿ ಆಫ್ ಮಾಡಿ ಕಟ್ಟಿದ್ದು. ಕೆಲವು ಎಕ್ಸ್‌ಟೆನ್ಶನ್ ಮಾತ್ರ ಅದರಲ್ಲಿ ಸಿಗುವುದಿಲ್ಲ.

ತಾಳಮದ್ದಲೆ ರೆಕಾರ್ಡಿಂಗ್ ಸರಿಮಾಡಲು ನಾವು ಆಡಾಸಿಟಿ ಬಳಸುತ್ತೇವೆ. 2021ರ ಮೇ ತಿಂಗಳಲ್ಲಿ ಅದಕ್ಕೆ ಗೂಗಲ್ ಮತ್ತು ರಷ್ಯಾದ ಯಾಂಡೆಕ್ಸ್ ಕಂಪನಿಯ ಮೂಲಕ ಬಳಕೆಯ ಲೆಕ್ಕ ತೆಗೆಯುವ ಪ್ರಸ್ತಾವ ಬಂದಿತ್ತು. ಬಳಕೆದಾರರು ಗಲಾಟೆ ಮಾಡಿದರು, ಕೆಲವೇ ದಿನದಲ್ಲಿ ಕೈಬಿಟ್ಟರು. ಕೋಡಿನ ಆ ಬದಲಾವಣೆ ಎಲ್ಲರಿಗೂ ಕಾಣುವ ಹಾಗೆ ಇದ್ದದ್ದರಿಂದಲೇ ಗಲಾಟೆ ಮಾಡಲು ಆದದ್ದು.

ಸೆಟ್ಟಿಂಗ್ಸ್ ಮೇಲೆ ನಂಬಿಕೆ ಇಲ್ಲದಿದ್ದರೆ ಲಿನಕ್ಸ್‌ನಲ್ಲಿ ಓಪನ್‌ಸ್ನಿಚ್ ಹಾಕಿ. ಯಾವ ಪ್ರೋಗ್ರಾಂ ಹೊರಗೆ ಸಂಪರ್ಕ ಮಾಡಲು ಹೊರಟರೂ ನಿಮ್ಮನ್ನು ಕೇಳುತ್ತದೆ, ಬಿಡಲಾ ಬೇಡವಾ ಅಂತ. ಮೊದಲ ದಿನ ಕೇಳಿ ಕೇಳಿ ತಲೆ ತಿನ್ನುತ್ತದೆ, ಸಿಟ್ಟಿನಲ್ಲಿ ಎಲ್ಲದಕ್ಕೂ ಬೇಡ ಒತ್ತಬೇಡಿ. ನಾನು ಹಾಗೆ ಮಾಡಿ ಭದ್ರತಾ ಅಪ್‌ಡೇಟ್‌ಗಳನ್ನೂ ಒಂದು ವಾರ ನಿಲ್ಲಿಸಿಬಿಟ್ಟಿದ್ದೆ! ಆಂಡ್ರಾಯ್ಡ್ ಫೋನಿನಲ್ಲಾದರೆ ಓಪನ್ ಸೋರ್ಸ್ ಆ್ಯಪ್‌ಗಳ ಅಂಗಡಿಯಾದ ಎಫ್-ಡ್ರಾಯ್ಡ್‌ನಿಂದ ಆ್ಯಪ್ ಹಾಕಿಕೊಳ್ಳಿ. ಆ್ಯಪ್ ನಿಮ್ಮನ್ನು ಟ್ರ್ಯಾಕ್ ಮಾಡುತ್ತದೆ ಅಂತ ಅವರಿಗೆ ಗೊತ್ತಾಗಿದ್ದರೆ ಅದರ ಪುಟದಲ್ಲೇ ಎಚ್ಚರಿಕೆ ಹಾಕಿರುತ್ತಾರೆ.

ಇಷ್ಟೆಲ್ಲ ಹೇಳಿದವನು ಒಂದನ್ನು ಬೇಕೆಂದೇ ಆನ್ ಇಟ್ಟಿದ್ದೇನೆ. ಡೆಬಿಯನ್ ಹಾಕುವಾಗ ಪಾಪ್ಯುಲಾರಿಟಿ ಕಾಂಟೆಸ್ಟ್ ಅನ್ನುವ ಬಳಕೆಯ ಎಣಿಕೆಗೆ ಸೇರುತ್ತೀರಾ ಅಂತ ಕೇಳುತ್ತದೆ. ನೀವಾಗಿ ಹೂಂ ಅನ್ನದಿದ್ದರೆ ಏನೂ ಹೋಗುವುದಿಲ್ಲ. ಹೂಂ ಅಂದರೆ ವಾರಕ್ಕೊಮ್ಮೆ ನಿಮ್ಮಲ್ಲಿರುವ ಪ್ಯಾಕೇಜುಗಳ, ಅಂದರೆ ಹಾಕಿಕೊಂಡ ಪ್ರೋಗ್ರಾಂಗಳ ಪಟ್ಟಿ ಹೆಸರಿಲ್ಲದೆ ಹೋಗುತ್ತದೆ, ಡೆಬಿಯನ್ ಹಂಚುವ ಮೊದಲ ಡಿಸ್ಕಿನಲ್ಲಿ ಯಾವುದು ಇರಬೇಕು ಅನ್ನುವುದಕ್ಕೂ ಆ ಎಣಿಕೆಯನ್ನು ನೋಡುತ್ತಾರೆ. ನವಿಲು, ಗುಬ್ಬಿ ಅನ್ನುವ ಕನ್ನಡ ಫಾಂಟ್‌ಗಳ ಪ್ಯಾಕೇಜೂ ಆ ಪಟ್ಟಿಯಲ್ಲಿ ಬರುತ್ತದೆ. ಕನ್ನಡದವರೆಲ್ಲ ಬೇಡ ಅಂದರೆ ಅದನ್ನು ಬಳಸುವವರೇ ಇಲ್ಲ ಅಂತ ಲೆಕ್ಕ ತೋರಿಸುತ್ತದೆ, ಅಲ್ವಾ? ಹಾಗಾಗಿ ಆಮಂತ್ರಣ ಮಾಡುವ ಕಂಪ್ಯೂಟರಿನಲ್ಲಿ ಹೂಂ ಅಂದಿದ್ದೇನೆ. ಆಧಾರ್ ಸ್ಕ್ಯಾನ್ ಮಾಡುವ ಇನ್ನೊಂದರಲ್ಲಿ ಅದೂ ಇಲ್ಲ.