ಮೂವತ್ತು ಕಿಲೋದೊಳಗೆ ಕುಚ್ಚಲಕ್ಕಿ, ಮಿಡಿ, ಹಪ್ಪಳ: ರಟ್ಟಿನ ಪೆಟ್ಟಿಗೆ ಕಟ್ಟಿದ ನನ್ನ ಅನುಭವ

ಮಂಗಳೂರಿನಿಂದ ದುಬೈಗೆ ಹೋಗುವಾಗ ನನ್ನ ಟಿಕೆಟಿನಲ್ಲಿ ಸಾಮಾನ್ಯವಾಗಿ 30 ಕಿಲೋ ಚೆಕ್-ಇನ್ ಸಾಮಾನಿಗೆ ಅವಕಾಶವಿರುತ್ತದೆ. ಗಟ್ಟಿ ಕವಚದ 28 ಇಂಚಿನ ಸೂಟ್‌ಕೇಸ್ ಖಾಲಿಯಿದ್ದಾಗಲೇ ನಾಲ್ಕೂವರೆ ಕಿಲೋ ತೂಗುವುದರಿಂದ, ಎರಡನ್ನು ಒಯ್ದರೆ ಒಂಬತ್ತು ಕಿಲೋ ಬರಿಯ ಪೆಟ್ಟಿಗೆಗೇ ಹೋಗುತ್ತದೆ. ಈ ಲೆಕ್ಕ ನೋಡಿಯೇ ನಾನು ಐದು ಪದರದ ರಟ್ಟಿನ ಪೆಟ್ಟಿಗೆಗೆ ಬದಲಾದೆ. "ಅರ್ಧ ದಾರಿಯಲ್ಲಿ ಒಡೀತದೆ ಭಾವ, ಮರ್ಯಾದೆಯೂ ಹೋಗ್ತದೆ" ಎಂದು ನಕ್ಕಿದ್ದ ಭಾವಮೈದುನ ಈ ಸಲ ತನ್ನ ಪೆಟ್ಟಿಗೆ ಕಟ್ಟಿಕೊಡಲು ನನ್ನನ್ನೇ ಕರೆಸಿಕೊಂಡ.

ನನ್ನ ಪೆಟ್ಟಿಗೆಯ ಅಳತೆ 50, 40, 40 ಸೆಂಟಿಮೀಟರ್. ಮೂರನ್ನೂ ಕೂಡಿದರೆ 130 ಆಗುತ್ತದೆ. ಬಹಳಷ್ಟು ವಿಮಾನ ಕಂಪನಿಗಳ ಮಿತಿ 158. ಟೇಪು, ಪಟ್ಟಿ ಸೇರಿ ಒಂದೂವರೆ ಕಿಲೋ ದಾಟುವುದಿಲ್ಲವಾದ್ದರಿಂದ ಎರಡು ಪೆಟ್ಟಿಗೆಯಲ್ಲಿ ಸುಮಾರು ಆರು ಕಿಲೋ ಉಳಿಯುತ್ತದೆ. ಹೆಚ್ಚುವರಿ ತೂಕಕ್ಕೆ ನಾನು ಹಿಂದೆ ಕಿಲೋಗೆ ಐನೂರರ ಆಚೀಚೆ ತೆತ್ತದ್ದು ನೆನಪಿದೆ. ಪೆಟ್ಟಿಗೆಯ ಬೆಲೆ ನೂರೈವತ್ತರೊಳಗೆ.

ಮೊದಮೊದಲು ದಿನಸಿ ಅಂಗಡಿಯಿಂದ ತಂದ ಮೂರು ಪದರದ ಬಿಸ್ಕತ್ ಪೆಟ್ಟಿಗೆಗಳು ಕೈಕೊಟ್ಟವು. ಜುಲೈ ತಿಂಗಳ ಮಳೆಗೆ ಅಡಿಭಾಗ ಮೆತ್ತಗಾಗಿ, ಬೆಲ್ಟಿನ ಮೇಲೆ ಹಲಸಿನ ಹಪ್ಪಳದ ಕಟ್ಟು ಒಂದು ಕಡೆ, ಲುಂಗಿ ಇನ್ನೊಂದು ಕಡೆ ಬಂದವು. ಈಗ ರಟ್ಟಿನೊಳಗೆ ದಪ್ಪ ಪಾಲಿಥೀನ್ ಹಾಳೆ ಹಾಸಿ, ಸಾಮಾನು ತುಂಬಿ, ಅದರ ಬಾಯಿ ಕಟ್ಟಿದ ಮೇಲೆಯೇ ಪೆಟ್ಟಿಗೆ ಮುಚ್ಚುತ್ತೇನೆ. ನಡುವೆ ಗಾಳಿ ಹೀರಿ ಬಟ್ಟೆ ಕುಗ್ಗಿಸುವ ಚೀಲಗಳನ್ನೂ ಪ್ರಯೋಗಿಸಿ ನೋಡಿದೆ. ಅವು ಜಾಗ ಉಳಿಸುತ್ತವೆ, ತೂಕ ಉಳಿಸುವುದಿಲ್ಲ. ಉಳಿದ ಜಾಗಕ್ಕೆ ಮನೆಯವರು ಇನ್ನೆರಡು ಕಿಲೋ ಸಂಡಿಗೆ ತುಂಬಿ ಕೌಂಟರಿನಲ್ಲಿ ದುಡ್ಡು ಕಟ್ಟಿಸಿದರು.

ಮಿಡಿ ಉಪ್ಪಿನಕಾಯಿಯೇ ನಿಜವಾದ ಪರೀಕ್ಷೆ. ಹಾರುವಾಗ ವಿಮಾನದೊಳಗಿನ ಗಾಳಿಯ ಒತ್ತಡ ಮುಳ್ಳಯ್ಯನಗಿರಿಯ ತುದಿಯಲ್ಲಿ ಇರುವಷ್ಟಕ್ಕೆ, ಕೆಲವೊಮ್ಮೆ ಅದಕ್ಕಿಂತಲೂ ಕೆಳಗೆ ಇಳಿಯುವುದರಿಂದ, ಬಾಟಲಿಯಲ್ಲಿ ಉಳಿದ ಗಾಳಿ ಹಿಗ್ಗಿ ರಸವನ್ನು ಮುಚ್ಚಳದ ಸಂದಿಯಿಂದ ಹೊರಕ್ಕೆ ತಳ್ಳುತ್ತದೆ. ಆದ್ದರಿಂದ ಪ್ಲಾಸ್ಟಿಕ್ ಬಾಟಲಿಯನ್ನು ಕಂಠದವರೆಗೂ ತುಂಬಿ, ಗಾಳಿಗೆ ಜಾಗವೇ ಇಲ್ಲದಂತೆ ಮಾಡಿ, ಮುಚ್ಚಳದಡಿ ಹಾಳೆಯಿಟ್ಟು ಬಿಗಿಯುತ್ತೇನೆ. ಆ ಹಾಳೆ ಯಾವುದು, ಅದನ್ನು ಹೇಗೆ ಮಡಚಬೇಕು ಎಂಬುದನ್ನು ಭಾವಮೈದುನನಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಬಾಟಲಿಯನ್ನು ಎರಡು ಚೀಲಗಳೊಳಗಿಟ್ಟು, ಐದೈದು ಕಿಲೋ ಕುಚ್ಚಲಕ್ಕಿಯ ಎರಡು ಬಟ್ಟೆಚೀಲಗಳ ನಡುವೆ ಹೂತುಬಿಟ್ಟರೆ ಅದು ಅಲುಗಾಡುವುದಿಲ್ಲ. ಅಕ್ಕಿ ತಳದಲ್ಲಿ, ಬಟ್ಟೆ ನಾಲ್ಕು ಬದಿಗೆ, ಹಪ್ಪಳ ಎಲ್ಲಕ್ಕಿಂತ ಮೇಲೆ. ಮೆಣಸಿನ ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಒಯ್ಯಲು ಭದ್ರತೆಯವರು ಬಿಡುವುದಿಲ್ಲವೆಂಬುದು ಎಲ್ಲರಿಗೂ ಗೊತ್ತಿದ್ದರೂ ಪ್ರತಿ ಸಲವೂ ಯಾರಾದರೊಬ್ಬರು ಅಲ್ಲಿ ವಾದಿಸುತ್ತಿರುತ್ತಾರೆ.

ಒಣಕೊಬ್ಬರಿಯನ್ನು ಮಾತ್ರ ಪೆಟ್ಟಿಗೆಗೆ ಹಾಕಬಾರದು. ಅದರಲ್ಲಿ ಎಣ್ಣೆಯಂಶ ಹೆಚ್ಚಿದ್ದು, ತಾನಾಗಿಯೇ ಕಾದು ಹೊತ್ತಿಕೊಳ್ಳಬಹುದಾದ್ದರಿಂದ ಭಾರತದ ವಿಮಾನ ನಿಲ್ದಾಣಗಳಲ್ಲಿ ಚೆಕ್-ಇನ್ ಸಾಮಾನಿನಲ್ಲಿ ಅದಕ್ಕೆ ನಿಷೇಧವಿದೆ. ಗಸಗಸೆ ಇನ್ನೂ ಅಪಾಯ. ಯುಎಇಯಲ್ಲಿ ಅದು ಮಾದಕವಸ್ತುವಿನ ಕಾನೂನಿನಡಿ ಬರುವುದರಿಂದ, ಹತ್ತು ಗ್ರಾಂ ಆದರೂ ಅಡುಗೆಮನೆಯಲ್ಲೇ ಇರಲಿ. ಮಸಾಲೆ ಪುಡಿ ಮಾಡಿಸುವಾಗಲೇ ಅದನ್ನು ಬಿಡಲು ಹೇಳಬೇಕು. ಪವರ್ ಬ್ಯಾಂಕ್ ಕೈಚೀಲಕ್ಕೆ ಹೋಗತಕ್ಕದ್ದು.

ಕಟ್ಟುವುದಕ್ಕೆ ಹಗ್ಗ ಬೇಡ. ದುಬೈ ವಿಮಾನ ನಿಲ್ದಾಣ 2017ರಿಂದ ಸಪಾಟಾದ ಒಂದು ಮಗ್ಗುಲೂ ಇಲ್ಲದ ಉರುಟು ಗಂಟುಗಳನ್ನು ಒಪ್ಪುವುದಿಲ್ಲ. ರಟ್ಟಿನ ಪೆಟ್ಟಿಗೆಗೆ ಆ ತಾಪತ್ರಯವಿಲ್ಲ. ಸಂದಿಗಳಿಗೆಲ್ಲ ಎರಡು ಸುತ್ತು ಕಂದು ಟೇಪು, ಮೇಲೆ ಅಡ್ಡ ಎರಡು, ಉದ್ದ ಒಂದು ಪ್ಲಾಸ್ಟಿಕ್ ಪಟ್ಟಿ, ಮೂರು ಮಗ್ಗುಲಲ್ಲಿ ದಪ್ಪ ಮಾರ್ಕರಿನಲ್ಲಿ ಹೆಸರು. ನೇತುಹಾಕುವ ತಕ್ಕಡಿಯಲ್ಲಿ ಎರಡೂ ಸೇರಿ ಇಪ್ಪತ್ತೊಂಬತ್ತೂವರೆಗೆ ನಿಲ್ಲಿಸುತ್ತೇನೆ, ಏಕೆಂದರೆ ಮನೆಯ ತಕ್ಕಡಿಗೂ ನಿಲ್ದಾಣದ್ದಕ್ಕೂ ಮುನ್ನೂರು ಗ್ರಾಂ ಜಗಳ ಇದ್ದೇ ಇರುತ್ತದೆ. ಒಂದು ಪೆಟ್ಟಿಗೆ ಹೋಗಿ ಬರುವಷ್ಟು ಬಾಳುತ್ತದೆ. ಮೂಲೆ ಮೆತ್ತಗಾದುದನ್ನು ಮತ್ತೆ ಬಳಸುವುದಿಲ್ಲ.