ಆಯಿಲ್ ಪ್ಯಾನ್ ಎರಡು ಸಲ ಬಿಚ್ಚಿದೆ

ಕಾರು ನಿಲ್ಲಿಸಿದ ಜಾಗದಲ್ಲಿ ದಿನಾ ಬೆಳಿಗ್ಗೆ ಎರಡು ಹನಿ ಎಣ್ಣೆ. ಎಣ್ಣೆ ಇಳಿಸುವ ಡ್ರೈನ್ ಬೋಲ್ಟಿನ ವಾಷರ್ ಬದಲಾಯಿಸಿದೆ, ನಿಲ್ಲಲಿಲ್ಲ. ಎಂಜಿನ್ ತಳ ಚೆನ್ನಾಗಿ ಒರೆಸಿ, ಒಂದು ಸುತ್ತು ಓಡಿಸಿ ಬಂದು ಟಾರ್ಚ್ ಹಿಡಿದೆ. ಎಂಜಿನ್ ತಳದಲ್ಲಿ ಎಣ್ಣೆ ನಿಲ್ಲುವ ತಟ್ಟೆ ಇದೆಯಲ್ಲ, ಆ ಆಯಿಲ್ ಪ್ಯಾನಿನ ಅಂಚಿನಿಂದಲೇ ಒಸರುತ್ತಿತ್ತು.

ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿದೆ. ಜ್ಯಾಕ್ ಒಂದನ್ನೇ ನಂಬಿ ಅಡಿಗೆ ನುಗ್ಗಬೇಡಿ. ಎಂಜಿನ್ ಸ್ವಲ್ಪ ಬೆಚ್ಚಗಿರುವಾಗಲೇ ಎಣ್ಣೆ ಇಳಿಸಿದೆ. ಕೆಲವು ಕಾರುಗಳಲ್ಲಿ ಸೈಲೆನ್ಸರ್ ಪೈಪು ಪ್ಯಾನಿಗೆ ಅಡ್ಡ ಇರುತ್ತದೆ, ನನ್ನ ಪುಣ್ಯಕ್ಕೆ ಇರಲಿಲ್ಲ. ಬೋಲ್ಟುಗಳೆಲ್ಲ 10 ಎಂಎಂ ಸ್ಪ್ಯಾನರಿನವು, ಆದರೆ ಉದ್ದ ಎರಡು ಥರ. ರಟ್ಟಿನ ಮೇಲೆ ಪ್ಯಾನಿನ ಚಿತ್ರ ಬರೆದು, ಯಾವ ಬೋಲ್ಟ್ ಎಲ್ಲಿಯದೋ ಅಲ್ಲೇ ಚುಚ್ಚಿಟ್ಟೆ.

ಬೋಲ್ಟೆಲ್ಲ ತೆಗೆದರೂ ಪ್ಯಾನ್ ಅಲ್ಲಾಡಲಿಲ್ಲ. ಸಂದಿನಿಂದ ಎಣ್ಣೆ ಸೋರದಂತೆ ಬಳಿಯುವ ಅಂಟು, ಅಂದರೆ ಸೀಲಂಟ್, ಹಳೆಯದಾದರೆ ಹಾಗೆ ಕಚ್ಚಿಕೊಂಡಿರುತ್ತದೆ. ಸ್ಕ್ರೂಡ್ರೈವರ್ ತೂರಿಸಿ ಮೀಟಬೇಕು ಅನ್ನಿಸುತ್ತದೆ, ಅಲ್ವಾ? ಬೇಡ. ಎಂಜಿನ್ನಿನ ಅಲ್ಯೂಮಿನಿಯಂ ಮೇಲೆ ಗೀರು ಬಿದ್ದರೆ ಅದೇ ಹೊಸ ಸೋರಿಕೆ. ತೆಳು ಪುಟ್ಟಿ ಬ್ಲೇಡನ್ನು ಮೂಲೆಯಲ್ಲಿಟ್ಟು ಮೆಲ್ಲಗೆ ಬಡಿಯುತ್ತಾ ಹೋದೆ. ಕೊನೆಗೆ ಪ್ಯಾನ್ ಬಿಟ್ಟಿತು, ತಳದಲ್ಲಿ ಉಳಿದಿದ್ದ ಎಣ್ಣೆ ನನ್ನ ತೋಳಿನೊಳಗೆ ಇಳಿಯಿತು.

ತಪ್ಪು ಮಾಡಿದ್ದು ಹಾಕುವಾಗ. ಒರೆಸಿದ ಕೂಡಲೇ ಸೀಲಂಟ್ ಬಳಿದೆ, ಅದೂ ಧಾರಾಳವಾಗಿ. ಬೋಲ್ಟುಗಳನ್ನು ಜೋರಾಗಿ ಬಿಗಿದೆ. ಒಂದು ಗಂಟೆಯಲ್ಲಿ ಎಣ್ಣೆ ತುಂಬಿಸಿದೆ. ವಾರದೊಳಗೆ ಮತ್ತೆ ಹನಿ!

ಎರಡನೇ ಸಲ ಬಿಚ್ಚಿದಾಗ ಎದೆ ಧಸಕ್ಕೆಂದಿತು. ಒಳಗಂಚಿನಲ್ಲಿ ಸೀಲಂಟ್ ಶಾವಿಗೆ ಎಳೆಯಂತೆ ನೇತಾಡುತ್ತಿತ್ತು. ಒಂದು ತುಂಡು ಕಳಚಿ ಎಣ್ಣೆ ಹೀರುವ ಸ್ಟ್ರೈನರಿನ ಜಾಲರಿಗೆ ಅಂಟಿತ್ತು. ಜಾಲರಿ ಮುಚ್ಚಿಹೋದರೆ ಪಂಪಿಗೆ ಎಣ್ಣೆ ಸಿಗುವುದಿಲ್ಲ, ಬೇರಿಂಗುಗಳ ಕಥೆ ಮುಗಿದಂತೆ. ಹನಿ ಸೋರಿದ್ದೇ ಒಳ್ಳೆಯದಾಯಿತು.

ಈ ಸಲ ರಾತ್ರಿಯಿಡೀ ಸುಮ್ನೆ ತೊಟ್ಟಿಕ್ಕಲು ಬಿಟ್ಟೆ. ಮೇಲಿನಿಂದ ಎಣ್ಣೆ ಗಂಟೆಗಟ್ಟಲೆ ಇಳಿಯುತ್ತಲೇ ಇರುತ್ತದೆ, ಎಣ್ಣೆಯ ಪಸೆ ಮೇಲೆ ಸೀಲಂಟ್ ಹಿಡಿಯುವುದಿಲ್ಲ. ಬೆಳಿಗ್ಗೆ ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಕೆರೆದು, ಬ್ರೇಕ್ ಕ್ಲೀನರ್ ಹಾಕಿ, ಬಿಳಿ ಬಟ್ಟೆಗೆ ಕಲೆ ಹತ್ತದಷ್ಟು ಒರೆಸಿದೆ. ನನ್ನದು ತಗಡಿನ ಪ್ಯಾನ್. ಜಾಸ್ತಿ ಬಿಗಿದಿದ್ದಕ್ಕೆ ಬೋಲ್ಟ್ ತೂತಿನ ಸುತ್ತ ಉಬ್ಬಿತ್ತು. ಮರದ ತುಂಡಿನ ಮೇಲಿಟ್ಟು ತಟ್ಟಿ ಸಮ ಮಾಡಿದೆ.

ಸೀಲಂಟ್ 3 ಎಂಎಂ ದಪ್ಪದ ಒಂದೇ ಗೆರೆ, ತೂತುಗಳ ಒಳಬದಿಯಿಂದ, ಎಲ್ಲೂ ಕಡಿಯದಂತೆ. ಅದು ಕೆನೆಗಟ್ಟುವ ಮೊದಲೇ ಪ್ಯಾನ್ ಎತ್ತಿ ಕೂರಿಸಿದೆ. ಎಲ್ಲ ಬೋಲ್ಟುಗಳನ್ನು ಕೈಯಲ್ಲೇ ತಿರುಗಿಸಿ, ನಂತರ ನಡುವಿನಿಂದ ಹೊರಕ್ಕೆ ಅಡ್ಡಡ್ಡವಾಗಿ ಬಿಗಿದೆ. ನನ್ನ ಕಾರಿನ ಮ್ಯಾನ್ಯುಯಲ್ ಹೇಳುವ ಬಿಗಿತ ಬರೀ 10 ನ್ಯೂಟನ್ ಮೀಟರ್. ಹೇಳಿದಷ್ಟು ಬಿಗಿಯಾದಾಗ ಸದ್ದು ಮಾಡುವ ಟಾರ್ಕ್ ರೆಂಚ್ ಕಟಕ್ ಅಂದಾಗ, ಇಷ್ಟೇನಾ ಅನ್ನಿಸಿತು.

ಒಂದು ದಿನ ಕಾದು ಎಣ್ಣೆ ಹಾಕಿದೆ. ಸ್ಟಾರ್ಟ್ ಮಾಡಿದ ಕೂಡಲೇ, ಎಣ್ಣೆಯ ಒತ್ತಡ ಕಮ್ಮಿಯಿದ್ದರೆ ಉರಿಯುವ ಆಯಿಲ್ ದೀಪ ಆರಿತು. ಮೂರು ದಿನ ಕೆಳಗೆ ಅದೇ ರಟ್ಟು ಹಾಸಿಟ್ಟಿದ್ದೆ. ಬೋಲ್ಟ್ ಚುಚ್ಚಿದ ತೂತುಗಳು ಬಿಟ್ಟರೆ ಅದರ ಮೇಲೆ ಬೇರೇನೂ ಇರಲಿಲ್ಲ.