ಸಾಫ್ಟ್ ಬೂಟಿನಲ್ಲೇ ಕಾರ್ವಿಂಗ್: ನನ್ನ ಬೈಂಡಿಂಗ್ ಈಗ ಮುರಿಯುತ್ತಿಲ್ಲ

ಗುಲ್ಮಾರ್ಗಿನಲ್ಲಿ ನನ್ನ ಜೊತೆ ಸ್ನೋಬೋರ್ಡ್ ಹಾಕುವವರೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು. ಮೈಯನ್ನು ಅಷ್ಟು ವಾಲಿಸಿ ಕಾರ್ವ್ ಮಾಡಬೇಕಾದರೆ, ಅಂದರೆ ಬೋರ್ಡಿನ ಅಂಚಿನಿಂದ ಹಿಮ ಕೊರೆಯುತ್ತ ತಿರುಗಬೇಕಾದರೆ, ಗಟ್ಟಿ ಪ್ಲಾಸ್ಟಿಕ್ಕಿನ ಹಾರ್ಡ್ ಬೂಟ್, ಪ್ಲೇಟ್ ಬೈಂಡಿಂಗ್ ತಗೋ, ಸಾಫ್ಟ್ ಬೂಟಿನ ಬೈಂಡಿಂಗ್ (ಬೂಟನ್ನು ಬೋರ್ಡಿಗೆ ಬಿಗಿಯುವ ಹಿಡಿಕೆ) ತಡೆಯಲ್ಲ. ಒಲಿಂಪಿಕ್ಸ್‌ನ ಪ್ಯಾರಲಲ್ ಜೈಂಟ್ ಸ್ಲಾಲಂ ರೇಸಿನಲ್ಲಿ ಎಲ್ಲರೂ ಹಾಕೋದು ಹಾರ್ಡ್ ಬೂಟೇ ಅಲ್ವಾ ಅಂತ ಉದಾಹರಣೆ ಬೇರೆ. ಇರಬಹುದು. ಆದರೆ ಬೂಟು, ಪ್ಲೇಟು ಎಲ್ಲ ಹೊರಗಿನಿಂದ ತರಿಸಿ ಕಸ್ಟಮ್ಸ್ ಕಟ್ಟಿದರೆ ಲಕ್ಷದ ಹತ್ತಿರ ಬರುತ್ತದೆ. ಅಷ್ಟು ಕೊಟ್ಟರೂ ಮಧ್ಯಾಹ್ನ ಅಫರ್ವತ್ ಬೆಟ್ಟದ ಕಡೆ ಪೌಡರಿಗೆ (ಮೆತ್ತನೆಯ ಹೊಸ ಹಿಮಕ್ಕೆ) ಹೋಗಲು ಅದು ಸರಿಬರಲ್ಲ. ನನಗೆ ಬೇಕಿದ್ದದ್ದು ಎರಡಕ್ಕೂ ಆಗುವ ಒಂದೇ ಸೆಟ್. ಈಗ ಸಿಕ್ಕಿದೆ. ಹಳೇ ಜೋಡಿಯನ್ನೇ ಊರಲ್ಲಿ ರಿಪೇರಿ ಮಾಡಿ, ಒಂದೆರಡು ಸೀಸನ್ ಗಟ್ಟಿಯಾಗಿ ಓಡಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನನ್ನದು ವಿರಾಜಪೇಟೆ ಕಡೆ ಕಾಫಿ ತೋಟ. ರೋಬಸ್ಟಾ ಕೊಯ್ಲು ಮತ್ತು ಹಿಮದ ಸೀಸನ್ ಎರಡೂ ಒಂದೇ ಹೊತ್ತಿಗೆ ಬರುತ್ತವೆ. ಹಾಗಾಗಿ ಫೆಬ್ರವರಿ ಕೊನೆಗೆ, ಹೂವಿನ ಸ್ಪ್ರಿಂಕ್ಲರ್ ಕೆಲಸದ ನಡುವೆ ಬಿಡುವು ಮಾಡಿಕೊಂಡು ಓಡುತ್ತೇನೆ. ಆಗ ಬೆಳಿಗ್ಗೆ ಹಿಮ ಗಟ್ಟಿ. ಕಾರ್ವಿಂಗಿಗೆ ಒಳ್ಳೆಯದು, ಬೈಂಡಿಂಗಿಗೆ ಕೆಟ್ಟದ್ದು. ಕೊಡಗಿನವನಿಗೆ ಹಿಮದ ಹುಚ್ಚು ಯಾಕೆ ಅಂತ ಕೇಳುವವರಿಗೆ ನಾನು ಹೇಳುವುದಿಷ್ಟೆ: 1948ರಲ್ಲಿ ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯನವರು ಹಿಮದ ಕಣಿವೆದಾರಿ ಜೋಜಿಲಾಕ್ಕೆ ಟ್ಯಾಂಕ್ ಹತ್ತಿಸಿದವರು.

ವಿಷಯಕ್ಕೆ ಬರೋಣ. ಮೈ 60 ಡಿಗ್ರಿ ವಾಲಿದರೆ ಕಾಲಿನ ಮೇಲೆ ಬೀಳುವ ಭಾರ ಹೆಚ್ಚುಕಡಿಮೆ ಮೈತೂಕದ ಎರಡರಷ್ಟು. ನಾನು 80 ಕೆಜಿ ಮೇಲಿದ್ದೇನೆ. ಅಂದರೆ 160 ಕೆಜಿ, ಅದೂ ಪ್ರತಿ ತಿರುವಿಗೆ. ಹೀಲ್‌ಸೈಡಿನಲ್ಲಿ (ಹಿಮ್ಮಡಿ ಕಡೆ ವಾಲಿದಾಗ) ಅದನ್ನು ಕಾಲಿನ ಹಿಂದಿನ ಆಸರೆಯಾದ ಹೈಬ್ಯಾಕ್ ತಿನ್ನುತ್ತದೆ, ಟೋಸೈಡಿನಲ್ಲಿ (ಬೆರಳ ಕಡೆ ವಾಲಿದಾಗ) ಕಣಕಾಲಿನ ಪಟ್ಟಿ, ಆಂಕಲ್ ಸ್ಟ್ರಾಪ್. ನನ್ನ ಬೈಂಡಿಂಗ್ ಯಾವಾಗಲೂ ಬಿರುಕು ಬಿಡುತ್ತಿದ್ದದ್ದು ಒಂದೇ ಜಾಗದಲ್ಲಿ. ಆಂಕಲ್ ಸ್ಟ್ರಾಪಿನ ಬೋಲ್ಟ್ ಕೂರುವ ತೂತಿನಿಂದ ಹಿಂದಕ್ಕೆ, ಕೂದಲೆಳೆಯಷ್ಟು ಸಣ್ಣ ಬಿಳೀ ಗೆರೆ. ಉಗುರು ಎಳೆದರೆ ತಡೆಯುತ್ತದೆ. ಆ ಗೆರೆ ಕಂಡಿತೆಂದರೆ ಮುರಿಯಲು ಜಾಸ್ತಿ ದಿನ ಬೇಡ.

ಮೊದಲು ದುಡ್ಡಿನಿಂದ ಗೆಲ್ಲಲು ನೋಡಿದೆ. ಮೂವತ್ತು ಸಾವಿರದ ಆಸುಪಾಸಿನ ಅಲ್ಯೂಮಿನಿಯಂ ಬೇಸಿನ (ಬೂಟ್ ಕೂರುವ ತಳದ) ಜೋಡಿ ಬಂತು. ಬೇಸ್ ಅಲುಗಾಡಲಿಲ್ಲ, ಆದರೆ ಅದೇ ಸೀಸನ್ನಿನಲ್ಲಿ ಸ್ಟ್ರಾಪ್ ಬೋಲ್ಟು ಕತ್ತರಿಸಿಹೋಯಿತು, ಸ್ಟ್ರಾಪ್ ಬಿಗಿಯುವ ರಾಚೆಟ್ಟಿನ ಹಲ್ಲು ಸವೆದು ಜಾರತೊಡಗಿತು. ಅಂಗಡಿಯವರು ವಾರಂಟಿಗೆ ಒಪ್ಪಲಿಲ್ಲ. ಆ ದುಡ್ಡು ಹೋದದ್ದೇ.

ಆಮೇಲೆ ಹಳೇ ನೈಲಾನ್ ಬೇಸಿಗೆ ದಪ್ಪ ಸ್ಟೀಲ್ ವಾಷರ್ ಹಾಕಿ ನೋಡಿದೆ. ಬಿರುಕು ತೂತಿನಿಂದ ವಾಷರ್ ಅಂಚಿಗೆ ಸರಿಯಿತು, ಅಷ್ಟೇ. ಕಾಳುಮೆಣಸು ಕೊಯ್ಯುವ ಹಳೇ ಅಲ್ಯೂಮಿನಿಯಂ ಏಣಿಯಿಂದ ಪಟ್ಟಿ ಕತ್ತರಿಸಿ ಕೂರಿಸಿದೆ. ಕೈಗೆ ಗಟ್ಟಿ ಅನ್ನಿಸುತ್ತದೆ, ಆದರೆ ಆ ತಗಡು ತೀರಾ ತೆಳು. ಎರಡನೇ ದಿನಕ್ಕೇ ಬಾಗಿತ್ತು. ಬೋಲ್ಟ್ ಸಡಿಲವಾಗದಿರಲಿ ಅಂತ ನೀಲಿ ಲಾಕ್ಟೈಟ್ ಅಂಟು ಹಾಕುವವರು ಬಹಳ ಜನ. ಡಿಸ್ಕಿನ (ಬೈಂಡಿಂಗನ್ನು ಬೋರ್ಡಿಗೆ ಬಿಗಿಯುವ ನಡುವಿನ ಬಿಲ್ಲೆಯ) ಸ್ಕ್ರೂ ಕೂರುವ ಬೋರ್ಡಿನ ಲೋಹದ ಇನ್ಸರ್ಟಿಗೂ ಅದನ್ನು ಎಚ್ಚರದಿಂದಲೇ ಹಾಕಬೇಕು. ಪಾಲಿಕಾರ್ಬೊನೇಟ್ ಭಾಗಕ್ಕೆ ಅದು ವಿಷ. ನನ್ನ ಒಂದು ಹೈಬ್ಯಾಕಿನ ಬೋಲ್ಟ್ ಸುತ್ತ ಜೇಡರ ಬಲೆಯ ಹಾಗೆ ಸಣ್ಣ ಬಿರುಕು ಎದ್ದದ್ದು ಅದರಿಂದಲೇ. ಈಗ ನನ್ನದೆಲ್ಲ ನೈಲಾಕ್ ನಟ್, ಒಳಗೆ ನೈಲಾನ್ ಬಳೆ ಇರುವಂಥದ್ದು.

ನಿಜವಾದ ಕಾರಣ ಹೊಳೆದದ್ದು ಮಳೆಗಾಲದಲ್ಲಿ, ಮನೆಯಲ್ಲಿ ಸುಮ್ನೆ ಬಿಚ್ಚಿಟ್ಟು ನೋಡುವಾಗ. ಬಿಗಿಯಾಗಿ ತಿರುಗಿಸಿಟ್ಟಿದ್ದ ಬೋಲ್ಟು ವಾರ ಕಳೆಯುವಷ್ಟರಲ್ಲಿ ಬೆರಳಲ್ಲೇ ತಿರುಗುತ್ತಿತ್ತು. ಯಾರೂ ಮುಟ್ಟಿರಲಿಲ್ಲ. ಒತ್ತಡದ ಕೆಳಗೆ ಪ್ಲಾಸ್ಟಿಕ್ ತಾನೇ ನಿಧಾನಕ್ಕೆ ಕುಸಿಯುತ್ತದೆ. ಬೋಲ್ಟ್ ಸಡಿಲವಾದರೆ ಸ್ಟ್ರಾಪ್ ಆಡುತ್ತದೆ, ಆಡಿದರೆ ತೂತು ಮೊಟ್ಟೆಯಾಕಾರಕ್ಕೆ ಹಿಗ್ಗುತ್ತದೆ, ಅಲ್ಲಿಂದ ಬಿರುಕು. ಶಕ್ತಿ ಸಾಲದೆ ಮುರಿಯುತ್ತಿರಲಿಲ್ಲ, ಆಟ ಬಂದು ಮುರಿಯುತ್ತಿತ್ತು.

ಅದಕ್ಕೆ ತೂತಿನೊಳಗೆ ಹಿತ್ತಾಳೆ ಬುಷ್ (ಸಣ್ಣ ಕೊಳವೆ) ಕೂರಿಸಿದೆ. ಗೋಣಿಕೊಪ್ಪದಲ್ಲಿ ಪಂಪ್‌ಸೆಟ್ ಕೆಲಸ ಮಾಡುವ ಲೇತ್‌ನವನ ಹತ್ತಿರ ಮಾಡಿಸಿದ್ದು. 'ಅಣ್ಣಾ, ಇದು ಯಾವ ಮೋಟರಿಗೆ?' ಅಂತ ಕೇಳಿದ. ಬುಷ್ ಪ್ಲಾಸ್ಟಿಕ್ಕಿನ ದಪ್ಪಕ್ಕಿಂತ ಒಂಚೂರು ಉದ್ದವಿರಬೇಕು. ಆಗ ಬೋಲ್ಟಿನ ಬಿಗಿಯನ್ನೆಲ್ಲ ಹಿತ್ತಾಳೆ ಹೊರುತ್ತದೆ, ಪ್ಲಾಸ್ಟಿಕ್ ನಜ್ಜಾಗಲ್ಲ. ಎಷ್ಟು ಉದ್ದ ಅನ್ನುವುದನ್ನು ಇಲ್ಲಿ ಬರೆಯಲ್ಲ. ಅದಕ್ಕೆ ನಾನು ಎರಡು ಬೇಸ್ ಕಳೆದುಕೊಂಡಿದ್ದೇನೆ.

ಒಳಗಡೆಯಿಂದ ಒಂದೂವರೆ ಮಿಲಿಮೀಟರ್ ಸ್ಟೇನ್‌ಲೆಸ್ ಪಟ್ಟಿ, ಸ್ಟ್ರಾಪಿನ ತೂತಿನಿಂದ ಹೈಬ್ಯಾಕ್ ಬೋಲ್ಟಿನವರೆಗೆ. ಹಿಮ್ಮಡಿ ಸುತ್ತುವ ಹೀಲ್‌ಕಪ್ಪಿನ ಬಳುಕಿಗೆ ಸರಿಯಾಗಿ ಬಗ್ಗಿಸಬೇಕು. ಅಂಚನ್ನೆಲ್ಲ ಅರದಿಂದ ಉಜ್ಜಿ ದುಂಡಗೆ ಮಾಡಿ. ಚೂಪು ಅಂಚು ಉಳಿದರೆ ಅಲ್ಲೇ ಹೊಸ ಬಿರುಕು. ಅದರ ಕೆಳಗೆ ಸ್ಪ್ರಿಂಕ್ಲರ್ ಜಾಯಿಂಟಿನ ಗ್ಯಾಸ್ಕೆಟ್ ರಬ್ಬರ್, ತೆಳ್ಳಗೆ. ಬೋಲ್ಟ್ ಮೂರ್ನಾಲ್ಕು ಮಿಲಿಮೀಟರ್ ಉದ್ದದ್ದು ಬೇಕಾಗುತ್ತದೆ. ಲೇತ್, ತಗಡು, ಬೋಲ್ಟ್ ಎಲ್ಲ ಸೇರಿ ಜೋಡಿಗೆ ಎರಡು ಸಾವಿರ ದಾಟಲಿಲ್ಲ.

ಹಿಮಕ್ಕೆ ಒಯ್ಯುವ ಮುಂಚೆ ಮನೆಯಲ್ಲೇ ಪರೀಕ್ಷೆ ಮಾಡಿದೆ. ಕಣದ ಪಕ್ಕದ ತೊಲೆಗೆ ಬೋರ್ಡ್ ಬಿಗಿದು, ಸ್ಟ್ರಾಪಿಗೆ 50 ಕೆಜಿಯ ಕಾಫಿ ಚೀಲಗಳನ್ನು ನೇತುಹಾಕಿದೆ. ಮೂರು ಚೀಲ ತಡೆಯಿತು. ನಾಲ್ಕಕ್ಕೆ ತೊಲೆಯೇ ಕಿರುಗುಟ್ಟಿತು.

ಇನ್ನೊಂದು ಪ್ರಯೋಗ ಮಾಡಿದ್ದು ಹಂದಿ ಮಾಂಸ ಇಡುವ ಡೀಪ್ ಫ್ರೀಜರಿನಲ್ಲಿ. ಮುರಿದ ಬೇಸಿನ ಎರಡು ತುಂಡು, ಒಂದು ಅಡುಗೆಮನೆ ಒಲೆಯ ಮೇಲಿನ ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ್ದು, ಇನ್ನೊಂದು ಜುಲೈನ ತೇವದಲ್ಲಿ ಹೊರಗಿದ್ದದ್ದು. ಎರಡನ್ನೂ ರಾತ್ರಿಯಿಡೀ ತಣ್ಣಗಾಗಿಸಿ ಸುತ್ತಿಗೆಯಲ್ಲಿ ಹೊಡೆದೆ. ಒಣಗಿದ್ದು ಒಂದೇ ಪೆಟ್ಟಿಗೆ ಚೂರು. ತೇವದ್ದು ಬಗ್ಗಿ ನಿಂತಿತು. ನೈಲಾನ್ ನೀರು ಹೀರುತ್ತದೆ, ಹೀರಿದರೆ ಗಡಸುತನ ಇಳಿದು ಪೆಟ್ಟು ತಡೆಯುವ ಗುಣ ಬರುತ್ತದೆ. ನಮ್ಮ ಮಳೆ ಅದಕ್ಕೆ ಒಳ್ಳೆಯದೇ! ಬೂಟಿನ ಮಾತು ಬೇರೆ. ಪಾಲಿಯುರೆಥೇನ್ ಸೋಲ್ ತೇವಕ್ಕೆ ಪುಡಿಪುಡಿಯಾಗುತ್ತದೆ, ಒಳಗೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಬೂಟು ಅಟ್ಟಕ್ಕೆ, ಬೈಂಡಿಂಗ್ ಜಗಲಿಗೆ.

ಬೈಂಡಿಂಗನ್ನು ಬೋರ್ಡಿನ ಮೇಲೆ ಎಷ್ಟು ಡಿಗ್ರಿ ತಿರುಗಿಸಿಡಬೇಕು ಅಂತ ಕೇಳುತ್ತೀರಿ. ನನ್ನದು ಮುಂದೆ 30ರ ಆಸುಪಾಸು, ಹಿಂದೆ 15. ಬೂಟ್ ಹಿಮಕ್ಕೆ ತಗಲಿದರೆ ಎಲ್ಲ ಲೆಕ್ಕವೂ ತಪ್ಪುತ್ತದೆ, ಹಾಗಾಗಿ ಬೋರ್ಡ್ ಅಗಲದ್ದೇ ಇರಲಿ. ಮುಂದಿನ ಹೈಬ್ಯಾಕನ್ನು ಹೀಲ್ ಎಡ್ಜಿಗೆ ಸಮಾನಾಂತರವಾಗಿ ತಿರುಗಿಸಿಕೊಳ್ಳಿ. ಇಲ್ಲದಿದ್ದರೆ ಪಟ್ಟಿ ಹಾಕಿದರೂ ಒಂದೇ ಬದಿಯ ಬೋಲ್ಟ್ ಎಲ್ಲ ಭಾರ ಹೊರುತ್ತದೆ. ಡಿಸ್ಕಿನ ಕೆಳಗೆ ನಾನು ಬೇರೆ ಏನೋ ಒಂದು ಹಾಕುತ್ತೇನೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಗುಲ್ಮಾರ್ಗಿನ ಕೊಂಗ್ಡೂರಿಯಿಂದ ಇಳಿಯುವ ಇಳಿಜಾರಿನಲ್ಲಿ, ಬಿಸಿಲು ಬೀಳುವ ಮುಂಚೆ, ಈಗ ಕೈ ಹಿಮಕ್ಕೆ ತಾಗುವಷ್ಟು ಮಲಗಿಸುತ್ತೇನೆ. ಬಿಳೀ ಗೆರೆ ಬಂದಿಲ್ಲ. ಹಾರ್ಡ್ ಬೂಟ್ ತಗೋ ಅಂದಿದ್ದ ಇನ್‌ಸ್ಟ್ರಕ್ಟರೇ ಕಳೆದ ಸಲ ತನ್ನ ಜೋಡಿ ಕೊಟ್ಟು, ಇದಕ್ಕೂ ಹಾಕಿಸಿಕೊಡಿ ಅಂದ. ರಾಚೆಟ್ ಮತ್ತು ಲ್ಯಾಡರ್ (ರಾಚೆಟ್ ಹಿಡಿಯುವ ಹಲ್ಲಿನ ಪಟ್ಟಿ) ಮಾತ್ರ ಇನ್ನೂ ಸವೆಯುತ್ತವೆ, ಅದಕ್ಕೆ ನನ್ನಲ್ಲಿ ಉಪಾಯವಿಲ್ಲ. ಹಲ್ಲು ದುಂಡಗಾದ ಕೂಡಲೇ ಬದಲಾಯಿಸಿ, ಒಂದು ಜೊತೆ ಯಾವಾಗಲೂ ಜೇಬಿನಲ್ಲಿರಲಿ.